ಹದಿನೇಳನೆಯ ಕಾಲಂ

ರಿಜಿಸ್ಟ್ರಿ ಕಚೇರಿಯ ಮೂರನೇ ಕಿಟಕಿಯ ಹಿಂದೆ ಮೂವತ್ತೊಂದು ವರ್ಷ ಕೂತವರಿಗೆ ಒಂದು ಅಡ್ಡಹೆಸರು ಬರದೇ ಇರುತ್ತದೆಯೇ? ಇವರಿಗೆ ಬಂದದ್ದು ಕಾಲಂ ಮೇಷ್ಟ್ರು ಅಂತ. ಶಾಲೆಯಲ್ಲಿ ಒಂದು ದಿನವೂ ಪಾಠ ಹೇಳಿದವರಲ್ಲ. ಆದರೆ ಯಾರೇ ಅರ್ಜಿ ತಂದುಕೊಟ್ಟರೂ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಬೆರಳನ್ನು ಮೇಲಿನಿಂದ ಕೆಳಗೆ ಓಡಿಸಿ, ಖಾಲಿ ಬಿಟ್ಟ ಜಾಗ ಸಿಕ್ಕಿದ ಕೂಡಲೇ ಟಪ್ಪೆಂದು ಕುಟ್ಟುತ್ತಿದ್ದರು. "ಇದನ್ನ ಯಾರಿಗೆ ಬಿಟ್ಟಿದ್ದೀರಿ, ಮೊಮ್ಮಕ್ಕಳಿಗಾ?" ಎಂದು ಕೇಳುತ್ತಿದ್ದರು. ಅವರ ಕೈಯಿಂದ ಮೇಲೆ ಹೋದ ಒಂದೇ ಒಂದು ಫೈಲು ಅಷ್ಟು ವರ್ಷದಲ್ಲಿ ವಾಪಸ್ ಬರಲಿಲ್ಲ. ಈ ಮಾತನ್ನು ದಿನಕ್ಕೆ ಎರಡು ಸಲವಾದರೂ ಹೇಳದಿದ್ದರೆ ಅವರಿಗೆ ತಿಂದದ್ದು ಅರಗುತ್ತಿರಲಿಲ್ಲ. ಜೊತೆಯವರಿಗೆಲ್ಲ ಅದು ಬಾಯಿಪಾಠವಾಗಿತ್ತು.

ಈ ಚಾಳಿ ಅವರಿಗೆ ಅಂಟಿದ್ದು ಅಕ್ಕನಿಂದ. ಅಮ್ಮ ತೀರಿಕೊಂಡಾಗ ಇವರಿಗೆ ನಾಲ್ಕು ವರ್ಷ, ಅಕ್ಕನಿಗೆ ಹದಿನಾರು. ಅಕ್ಕ ಟೈಲರ್ ಅಂಗಡಿಗಳಿಂದ ಅಂಗಿಗಳನ್ನು ಗಂಟು ಕಟ್ಟಿ ತಂದು, ಕಿಟಕಿಯ ಪಕ್ಕ ಕೂತು ಕಾಜಾ ಹೊಲಿದು, ಗುಂಡಿ ಹಚ್ಚಿ ತಮ್ಮನನ್ನು ಸಾಕಿದಳು. ಮದುವೆಯ ಮಾತು ಎರಡು ಸಲ ಬಂತು. ಎರಡು ಸಲವೂ "ಇವನು ಒಂದು ದಡ ಸೇರಲಿ" ಅಂದಳು. ಅವನು ದಡ ಸೇರುವ ಹೊತ್ತಿಗೆ ಕೇಳುವವರು ಯಾರೂ ಉಳಿದಿರಲಿಲ್ಲ. ಸಂಜೆ ತಮ್ಮ ಅವಳ ಪಕ್ಕದಲ್ಲಿ ಕೂತು ಒಂದೊಂದು ಅಂಗಿಯನ್ನೂ ಮೇಲಿನಿಂದ ಕೆಳಗೆ ಬೆರಳಾಡಿಸಿ ನೋಡಬೇಕಿತ್ತು. "ಒಂದು ಕಾಜಾ ಬಿಟ್ಟರೆ ಇಡೀ ಅಂಗಿ ವಾಪಸ್ ಬರುತ್ತೆ ಕಣೋ. ಜೊತೆಗೆ ಬೈಗುಳಾನೂ ಬರುತ್ತೆ" ಎನ್ನುತ್ತಿದ್ದಳು. ಹಾಗೆ ಕಾಜಾ ಹೊಲಿದೂ ಹೊಲಿದೂ ಎರಡು ಕೋಣೆಯ ಒಂದು ಮನೆ ಮಾಡಿಕೊಂಡಳು. ಅವಳದು ಅಂತ ಈ ಲೋಕದಲ್ಲಿ ಇದ್ದದ್ದು ಅದೊಂದೇ. ಹೆಂಡತಿ ತೀರಿಕೊಂಡ ಮೇಲೆ ಮೇಷ್ಟ್ರು ತಮ್ಮ ಪೆಟ್ಟಿಗೆ ಹೊತ್ತುಕೊಂಡು ಆ ಮನೆಗೇ ಬಂದು ಸೇರಿದರು. "ಬಾ, ಕಾಲೊರೆಸಿಕೊಂಡು ಬಾ" ಅಂದಳು ಅಕ್ಕ. ಅಷ್ಟೇ ಸ್ವಾಗತ.

ನಿವೃತ್ತಿಯಾದ ಮೇಲೆ ಸುಮ್ಮನೆ ಇರಬಹುದಿತ್ತು. ಇರಲಾರದೆ ಇರುವೆ ಬಿಟ್ಟುಕೊಂಡ ಅನ್ನುತ್ತಾರಲ್ಲ, ಹಾಗೆ ಹೋಗಿ ಒಂದು ಕೆಲಸ ಹಿಡಿದರು. ಕೆಲಸವೆಂದರೆ ಕೂರುವುದು. ತಮಾಷೆಯಲ್ಲ, ನಿಜವಾಗಿಯೂ ಕೂರುವುದು. ಹೊರದೇಶದ ಕಂಪನಿಯೊಂದು ಇಲ್ಲಿಯ ಜನರ ಉಳಿತಾಯವನ್ನು ತೆಗೆದುಕೊಂಡು ಹೋಗಿ ಎಲ್ಲೆಲ್ಲೋ ಹೂಡಿ ಬೆಳೆಸಿಕೊಡುತ್ತೇನೆ ಅನ್ನಬೇಕಾದರೆ ಮೊದಲು ಫಂಡ್ ನಿಯಂತ್ರಣ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು. ನೋಂದಣಿ ಉಳಿಯಬೇಕಾದರೆ ಈ ಊರಲ್ಲಿ ಒಂದು ಆಫೀಸು ಬೇಕು, ಬಾಗಿಲಿಗೆ ಬೋರ್ಡು ಬೇಕು, ಹತ್ತರಿಂದ ಐದರವರೆಗೆ ಕುರ್ಚಿಯಲ್ಲಿ ಈ ಊರಿನವರೇ ಆದ ಒಬ್ಬ ಮನುಷ್ಯ ಬೇಕು. ಕಾಗದದಲ್ಲಿ ಅವರಿಗೆ ಸ್ಥಳೀಯ ಹೊಣೆಗಾರ ಅಂತ ಹೆಸರು. ಫಂಡನ್ನು ನಡೆಸುವ ಮ್ಯಾನೇಜರು ಸಮುದ್ರದಾಚೆ ಇರುತ್ತಾನೆ. ಅವನ ನೆರಳಾಗಿ ಇಲ್ಲಿ ಇವರು ಇರುತ್ತಾರೆ.

ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿ ಒಂದು ಕೋಣೆ. ಒಂದು ಮೇಜು, ಮೂರು ಕುರ್ಚಿ, ಒಂದು ಫೋನು, ಹಾಜರಿ ಪುಸ್ತಕ, ಗೋಡೆಯ ಮೇಲೆ ಚೌಕಟ್ಟು ಹಾಕಿಸಿದ ನೋಂದಣಿ ಪತ್ರ. ಪ್ರತಿ ಶುಕ್ರವಾರ ನಾಲ್ಕು ಗಂಟೆಗೆ ಸರಿಯಾಗಿ ಮ್ಯಾನೇಜರ ಫೋನು ಬರುತ್ತಿತ್ತು. "ಏನಾದ್ರೂ ಬದಲಾವಣೆ ಇದೆಯಾ?" ಎಂದು ಕೇಳುತ್ತಿದ್ದ. "ಏನೂ ಬದಲಾವಣೆ ಇಲ್ಲ" ಅನ್ನುತ್ತಿದ್ದರು ಮೇಷ್ಟ್ರು. ಫೋನು ಇಡುತ್ತಿದ್ದ. ಆರು ವರ್ಷದಲ್ಲಿ ಅವನ ಮುಖ ಇವರು ನೋಡಲಿಲ್ಲ. ಮನೆಯಲ್ಲಿ ಅವನಿಗೆ ಶುಕ್ರವಾರದ ಸಾಹೇಬ ಅಂತಲೇ ಹೆಸರು. "ಕೂರೋಕೆ ಸಂಬಳ ಕೊಡ್ತಾರಾ? ನಾನು ಅರವತ್ತು ವರ್ಷ ಕೂತಿದ್ದೀನಿ, ನನಗೆ ಬೆನ್ನುನೋವು ಬಿಟ್ಟು ಬೇರೇನೂ ಕೊಡಲಿಲ್ಲ" ಎಂದು ಅಕ್ಕ ನಗುತ್ತಿದ್ದಳು.

ಆರು ವರ್ಷದ ಹಿಂದೆ, ನೋಂದಣಿಯ ಅರ್ಜಿ ತುಂಬುವ ದಿನ, ಮೇಷ್ಟ್ರು ತಮ್ಮ ಕೈಚಳಕ ತೋರಿಸಿದರು. ಇಪ್ಪತ್ತೆರಡು ಕಾಲಂ, ಎಲ್ಲವೂ ಮುತ್ತು ಪೋಣಿಸಿದ ಹಾಗೆ ತುಂಬಿದವು. ಹದಿನೇಳನೆಯದು ಮಾತ್ರ ಖಾಲಿ ಉಳಿಯಿತು. ಬದಲಿ ಹೊಣೆಗಾರರ ಹೆಸರು, ವಿಳಾಸ, ಇದ್ದಲ್ಲಿ ಮಾತ್ರ. ಇದ್ದಲ್ಲಿ ಮಾತ್ರ ಅಂತ ಅಷ್ಟು ಸ್ಪಷ್ಟವಾಗಿ ಅಚ್ಚಾಗಿದೆ, ಸ್ವಾಮಿ! ಬೇರೆ ಯಾರಾದರೂ ಒಂದು ಗೀಟು ಎಳೆದು ಮುಂದಕ್ಕೆ ಹೋಗುತ್ತಿದ್ದರು. ಆದರೆ ಮೇಷ್ಟ್ರಿಗೆ ಖಾಲಿ ಜಾಗ ನೋಡಿದರೆ ಅಂಗೈ ತುರಿಸುತ್ತದೆ. ಮನೆಗೆ ತಂದು, ಅಕ್ಕನ ಹೆಸರು, ವಿಳಾಸ ಬರೆದು, ಕಾಜಾ ಹೊಲಿಯುತ್ತಿದ್ದ ಅವಳ ಮುಂದೆ ಹಿಡಿದು, "ಅಕ್ಕ, ಇಲ್ಲೊಂದು ಸಹಿ ಹಾಕು" ಅಂದರು. ಅವಳು ಸೂಜಿಯನ್ನು ರವಿಕೆಗೆ ಚುಚ್ಚಿಕೊಂಡು, ಕೈ ಒರೆಸಿಕೊಂಡು, ನಾಲಿಗೆಯನ್ನು ತುಟಿಯ ಮೂಲೆಗೆ ತಂದು ಸಹಿ ಹಾಕಿದಳು. ಯಾಕೆ ಅಂತ ಕೇಳಲಿಲ್ಲ. ತಮ್ಮ ತಂದ ಕಾಗದ ಅಲ್ಲವೇ. ಆಮೇಲೆ ಎಷ್ಟೋ ದಿನ, ಸರ್ಕಾರದ ಫೈಲಿನಲ್ಲಿ ತನ್ನ ಹೆಸರಿದೆ ಅಂತ ಪಕ್ಕದ ಮನೆಯವರಿಗೆಲ್ಲ ಹೇಳಿಕೊಂಡು ಓಡಾಡಿದಳು.

ಎದುರು ಕಟ್ಟಡದಲ್ಲಿ ಇವರ ಹಾಗೆಯೇ ಕೂರುವ ಒಬ್ಬರಿದ್ದರು, ನಿವೃತ್ತ ಪೋಸ್ಟ್ ಮಾಸ್ಟರು. ಬೇರೆ ಫಂಡು, ಬೇರೆ ಸಾಹೇಬ. ಕಿಟಕಿಯಿಂದ ಕಿಟಕಿಗೆ ಕೈಯೆತ್ತಿ ನಮಸ್ಕಾರ ಮಾಡಿಕೊಳ್ಳುವಷ್ಟು ಪರಿಚಯ. ಮೂರು ವರ್ಷದ ಹಿಂದೆ ಅವರ ಫಂಡಿನ ಸಾಹೇಬ ಗಂಟು ಸಮೇತ ಮಾಯವಾದ. ಸಾಹೇಬ ಸಿಗಲಿಲ್ಲ, ಪೋಸ್ಟ್ ಮಾಸ್ಟರು ಸಿಕ್ಕಿದರು. ಅಧಿಕಾರಿಗಳು ಅವರ ಮನೆಗೆ ಬೀಗ ಹಾಕಿ ಅರಗಿನ ಮುದ್ರೆ ಒತ್ತಿದರು. ಈಗ ಅವರು ತಂಗಿಯ ಮನೆಯ ಜಗುಲಿಯಲ್ಲಿ ಮಲಗುತ್ತಾರೆ, ಪ್ರತಿ ಸೋಮವಾರ ಬೆಳಿಗ್ಗೆ ಪೊಲೀಸ್ ಠಾಣೆಗೆ ಹೋಗಿ ಸಹಿ ಹಾಕಿ ಬರುತ್ತಾರೆ. ಮೇಷ್ಟ್ರ ಕಿಟಕಿಯ ಕೆಳಗೇ ಅವರ ದಾರಿ. ಮೊದಮೊದಲು ತಲೆ ಎತ್ತಿ ನೋಡುತ್ತಿದ್ದರು. ಈಚೆಗೆ ಎತ್ತುವುದಿಲ್ಲ. ಮೇಷ್ಟ್ರೂ ಸೋಮವಾರ ಬೆಳಿಗ್ಗೆ ಕಿಟಕಿಯ ಕಡೆ ಬೆನ್ನು ಹಾಕಿ ಕೂರುವುದನ್ನು ಕಲಿತರು.

ಒಂದು ಶುಕ್ರವಾರ ಫೋನು ಬರಲಿಲ್ಲ.

ನಾಲ್ಕು ಹೊಡೆಯಿತು, ನಾಲ್ಕೂವರೆ ಆಯಿತು. ಮೇಷ್ಟ್ರು ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡರು. ಫೋನು ಸರಿಯಾಗಿಯೇ ಇತ್ತು. ಮುಂದಿನ ಶುಕ್ರವಾರವೂ ಬರಲಿಲ್ಲ. ಇವರೇ ಮಾಡಿದರೆ ಅತ್ತ ಕಡೆ ಬಡಿದುಕೊಂಡು ಬಡಿದುಕೊಂಡು ಸುಮ್ಮನಾಗುತ್ತಿತ್ತು. ಕಳಿಸಿದ ರಿಜಿಸ್ಟರ್ಡ್ ಪತ್ರ 'ವಿಳಾಸದಲ್ಲಿ ಯಾರೂ ಇಲ್ಲ' ಎಂಬ ಮುದ್ರೆ ಹೊತ್ತು ತಿರುಗಿ ಬಂತು. ಜೀವಮಾನದಲ್ಲಿ ಅವರ ಕೈಯಿಂದ ಹೋಗಿ ವಾಪಸ್ ಬಂದ ಮೊದಲ ಕಾಗದ. ಅದೇ ವಾರ ಬೇರೆ ಫೋನುಗಳು ಶುರುವಾದವು. "ಸ್ವಾಮಿ, ನಮ್ಮ ದುಡ್ಡು ತೆಗೀಬೇಕಿತ್ತು, ನಿಮ್ಮ ಕಂಪನಿಯವರು ಉತ್ತರಾನೇ ಕೊಡ್ತಿಲ್ಲ" ಎಂದಿತು ಒಂದು ಮುದಿ ಗಂಟಲು.

ಅವತ್ತು ಮೇಷ್ಟ್ರು ಅರ್ಜಿಯ ನಕಲನ್ನು ತೆಗೆದು ಮೊದಲ ಸಲ ಹಿಂದುಮುಂದು ಮಾಡಿ ನೋಡಿದರು. ಹೇಳಿದರೆ ನಗು ಬರುತ್ತದೆ, ಆದರೂ ಹೇಳಬೇಕು. ಸಾವಿರಾರು ಅರ್ಜಿ ನೋಡಿದ ಈ ಮನುಷ್ಯ ಯಾವ ಅರ್ಜಿಯ ಬೆನ್ನನ್ನೂ ಓದಿದವರಲ್ಲ. ಬೆನ್ನಿನಲ್ಲಿ ಕಾಲಂ ಇರುವುದಿಲ್ಲವಲ್ಲ, ಬರೀ ನಿಯಮ, ಅದೂ ಸಾಸಿವೆ ಕಾಳಿನಷ್ಟು ಅಕ್ಷರ. ಒಂಬತ್ತನೆಯ ನಿಯಮ ಹೀಗಿತ್ತು: ತಪಾಸಣೆಯ ದಿನ ಕಚೇರಿಯಲ್ಲಿ ಹಾಜರಿದ್ದು ಉತ್ತರ ಕೊಟ್ಟ ಹೊಣೆಗಾರರ ಹೆಸರಿಗೇ ಪ್ರಕರಣ ದಾಖಲಾಗುತ್ತದೆ, ಮ್ಯಾನೇಜರು ಸಿಗುವವರೆಗೆ ಅವರ ಆಸ್ತಿಯನ್ನು ಮುಟ್ಟುಗೋಲು ಹಾಕಲಾಗುತ್ತದೆ. ಬದಲಿ ಹೊಣೆಗಾರರಿಗೂ ಇದು ಅನ್ವಯ. ಮೇಷ್ಟ್ರ ಹೆಸರಿನಲ್ಲಿ ಒಂದು ಪೆಟ್ಟಿಗೆ, ಎರಡು ಕನ್ನಡಕ ಬಿಟ್ಟರೆ ಆಸ್ತಿ ಇಲ್ಲ. ಅಕ್ಕನ ಹೆಸರಿನಲ್ಲಿ ಮನೆ ಇತ್ತು.

ಮರುದಿನ ಬೆಳಿಗ್ಗೆ ಎಂಟಕ್ಕೇ ಹೋಗಿ ಫಂಡ್ ನಿಯಂತ್ರಣ ಕಚೇರಿಯ ಮೆಟ್ಟಿಲ ಮೇಲೆ ನಿಂತರು. ಅಲ್ಲಿಯ ತಪಾಸಣಾಧಿಕಾರಿ ಒಂದು ಕಾಲಕ್ಕೆ ಮೂರನೇ ಕಿಟಕಿಯಲ್ಲಿ ಇವರ ಪಕ್ಕ ಕೂತು ಕೆಲಸ ಕಲಿತ ಹೆಣ್ಣುಮಗಳು. ಬೈಸಿಕೊಂಡು ಕಲಿತವಳು, ಆದರೂ ಎದ್ದು ನಿಂತು ಕುರ್ಚಿ ಎಳೆದುಕೊಟ್ಟಳು.

"ಸರ್, ನೀವು ಅಕ್ಕನ ಹೆಸರು ಯಾಕೆ ಹಾಕಿದ್ರಿ? ಅದು ತುಂಬಲೇಬೇಕು ಅಂತೇನೂ ಇರಲಿಲ್ಲವಲ್ಲ!"

"ಖಾಲಿ ಇತ್ತಮ್ಮ" ಅಂದರು ಮೇಷ್ಟ್ರು.

ಅವಳು ಮೇಜಿನ ಖಾನೆ ಎಳೆದಳು. ಹೆಸರು ಹಿಂದಕ್ಕೆ ಪಡೆಯುವ ನಮೂನೆ ಕೊಟ್ಟಳು, ಅದಕ್ಕೆ ಇವರೊಬ್ಬರ ಸಹಿ ಸಾಕಿತ್ತು, ಇವರು ಅಲ್ಲೇ ತುಂಬಿದರು, ಅವಳು ಮುದ್ರೆ ಒತ್ತಿದಳು. "ಮೂವತ್ತು ದಿನ, ಸರ್. ಮೂವತ್ತು ದಿನ ಆದ್ಮೇಲೆ ಅಕ್ಕನ ಹೆಸರು ಹೋಗುತ್ತೆ. ಅಲ್ಲೀವರೆಗೂ ಇರುತ್ತೆ. ಇದನ್ನ ಒಂದು ದಿನ ಕಡಿಮೆ ಮಾಡೋಕೂ ನನ್ನ ಕೈಲಾಗಲ್ಲ."

"ಅಷ್ಟರೊಳಗೆ ನೀವು ತಪಾಸಣೆಗೆ ಬಂದ್ರೆ?"

ಅವಳು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಯಾವತ್ತು ಬರ್ತೀವಿ ಅಂತ ನನಗೇ ಗೊತ್ತಿರಲ್ಲ. ನಮ್ಮ ಮೇಲಿನ ಸಾಹೇಬರು ಬೆಳಿಗ್ಗೆ ಫೈಲು ಕೈಗೆ ಕೊಟ್ಟು ನಡಿ ಅಂತಾರೆ, ಅಷ್ಟೇ. ಬಾಗಿಲು ಹಾಕಿದ್ರೆ ನೋಟಿಸು ಅಂಟಿಸಿ ಬರ್ತೀವಿ, ಮೂರು ದಿನದೊಳಗೆ ಇಬ್ಬರೂ ಬಂದು ಉತ್ತರ ಕೊಡಬೇಕು. ತೆರೆದಿದ್ರೆ ಕುರ್ಚಿಯಲ್ಲಿ ಇದ್ದವರೇ ಉತ್ತರ ಕೊಡಬೇಕು. ಸರ್, ನೀವು ಕುರ್ಚಿ ಬಿಟ್ಟು ಏಳಬೇಡಿ."

ಏಳಲಿಲ್ಲ. ಅವತ್ತಿನಿಂದ ಮೇಷ್ಟ್ರು ಒಂಬತ್ತೂವರೆಗೇ ಬಂದು ಕೂರುತ್ತಿದ್ದರು. ಹಾಜರಿ ಪುಸ್ತಕದ ಅಂಚಿನಲ್ಲಿ ಸಣ್ಣಗೆ ಒಂದು, ಎರಡು, ಮೂರು ಎಂದು ದಿನ ಗುರುತು ಹಾಕುತ್ತಿದ್ದರು. ಟೀ ಕುಡಿಯಲು ಕೆಳಗಿಳಿಯುವುದನ್ನು ಬಿಟ್ಟರು. ಶೌಚಕ್ಕೆ ಹೋಗುವಾಗ ಬಾಗಿಲಿಗೆ ಬೀಗ ಹಾಕಿಕೊಂಡು ಓಡಿ, ಓಡಿಯೇ ಬರುತ್ತಿದ್ದರು. ಮೆಟ್ಟಿಲ ಮೇಲೆ ಯಾರದೇ ಬೂಟಿನ ಸದ್ದಾದರೂ ಬೆನ್ನು ನೆಟ್ಟಗಾಗುತ್ತಿತ್ತು. ಸದ್ದು ಎರಡನೇ ಮಹಡಿಯಲ್ಲಿ ತಿರುಗಿದರೆ ಉಸಿರು ಬಿಡುತ್ತಿದ್ದರು. ಅವರು ತಮಗಾಗಿ ಹೆದರಲಿಲ್ಲ ಎಂದರೆ ಸುಳ್ಳು. ಹೆದರಿದರು. ಆದರೆ ಆ ಹೆದರಿಕೆಯನ್ನು ಹೇಗೋ ನುಂಗಿಕೊಂಡಿದ್ದರು, ಠಾಣೆಗೆ ಹೋಗುವುದಾದರೆ ನಾನೇ ಹೋಗುತ್ತೇನೆ ಅಂತ. ನುಂಗಲಾಗದೆ ಗಂಟಲಲ್ಲಿ ನಿಂತದ್ದು ಅಕ್ಕನ ಮನೆ.

ಅಕ್ಕನಿಗೆ ಹೇಳಬಹುದಿತ್ತು. ಒಂದು ಮಾತು. ಎಷ್ಟೋ ಸಲ ಬಾಯಿಯವರೆಗೂ ಬಂತು. ಊಟಕ್ಕೆ ಕೂತಾಗ ಅವಳು "ಏನೋ ಆಗಿದೆ ನಿನಗೆ, ಮುಖ ಇಷ್ಟು ಚಿಕ್ಕದಾಗಿದೆ" ಅಂದಾಗಲೂ ಬಂತು. ಆದರೆ ಏನಂತ ಹೇಳುವುದು? ಅರವತ್ತು ವರ್ಷ ನೀನು ಕಣ್ಣು ಸವೆಸಿ ಮಾಡಿಕೊಂಡದ್ದನ್ನು ನಾನು ಒಂದು ಖಾಲಿ ಜಾಗ ತುಂಬಿಸಲು ಬರೆದುಕೊಟ್ಟೆ ಅಂತಲೇ? ಮೂವತ್ತು ದಿನ ಕಳೆದರೆ ಹೇಳುವ ಅಗತ್ಯವೇ ಬೀಳುವುದಿಲ್ಲ ಎಂದುಕೊಂಡರು. ನಾಚಿಕೆ ದೊಡ್ಡದು, ಪ್ರಾಣಕ್ಕಿಂತ ದೊಡ್ಡದು. "ಆಫೀಸು ಒಂದು ದಿನವೂ ಮುಚ್ಚೋ ಹಾಗಿಲ್ಲ ಅಕ್ಕ, ಮುಚ್ಚಿದ್ರೆ ತೊಂದರೆ" ಎಂದಷ್ಟೇ ಹೇಳಿ ಕೈ ತೊಳೆದರು.

ಹದಿನೈದನೆಯ ದಿನದ ಸುಮಾರಿಗೆ ಎದೆಯಲ್ಲಿ ಉರಿ ಶುರುವಾಯಿತು. ಇಪ್ಪತ್ತರ ಹೊತ್ತಿಗೆ ಉರಿ ಹೋಗಿ ಹಿಂಡಿದ ಹಾಗೆ ಆಗತೊಡಗಿತು. ಅಕ್ಕ ಡಾಕ್ಟರ ಹತ್ತಿರ ಹೋಗು ಅಂತ ದಿನಾ ಬೈದಳು. ಇವರು ನಾಳೆ ಅಂದರು. ಇಪ್ಪತ್ತೆರಡು. ಇಪ್ಪತ್ತೈದು. ಇಪ್ಪತ್ತೇಳನೆಯ ದಿನ ಸೋಮವಾರ, ಪೋಸ್ಟ್ ಮಾಸ್ಟರು ಕೆಳಗೆ ಹೋಗುತ್ತಾ ಯಾಕೋ ನಿಂತು ತಲೆ ಎತ್ತಿ ಇವರ ಕಿಟಕಿಯನ್ನು ನೋಡಿದರು. ಬಹಳ ಹೊತ್ತು ನೋಡಿದರು. ಮೇಷ್ಟ್ರು ಕೈಯೆತ್ತಲಿಲ್ಲ.

ಇಪ್ಪತ್ತೆಂಟನೆಯ ದಿನ ಹತ್ತು ಗಂಟೆಗೆ ಅಕ್ಕ ತಾನೇ ಮೂರು ಮಹಡಿ ಹತ್ತಿ ಬಂದಳು. ಎಪ್ಪತ್ತೈದು ದಾಟಿದ ಮಂಡಿ, ಒಂದೊಂದು ಮೆಟ್ಟಿಲಿಗೂ ಒಂದೊಂದು ಬೈಗುಳ. ಮೇಷ್ಟ್ರು ಮೇಜಿನ ಮೇಲೆ ತಲೆಯಿಟ್ಟಿದ್ದರು, ಹಣೆಯಲ್ಲಿ ಬೆವರು.

"ಏಳು. ಡಾಕ್ಟರ ಹತ್ತಿರ ಹೋಗು."

"ಅಕ್ಕ, ಇನ್ನು ಎರಡು ದಿನ..."

"ಎರಡು ದಿನ ಆದ್ಮೇಲೆ ನಿನ್ನನ್ನ ಹೊತ್ತುಕೊಂಡು ಹೋಗೋಕೆ ನನಗೆ ಶಕ್ತಿ ಇಲ್ಲ ಕಣೋ. ನಾಲ್ಕು ವರ್ಷದವನಿದ್ದಾಗ ಹೊತ್ತಿದ್ದೇ ಸಾಕು, ಏಳು."

ಮೇಷ್ಟ್ರು ಲೆಕ್ಕ ಹಾಕಿದರು. ಇವತ್ತು ಇಪ್ಪತ್ತೆಂಟು. ಬಾಗಿಲು ಹಾಕಿ ಹೋದಾಗ ಅವರು ಬಂದರೂ ನೋಟಿಸು ಅಂಟಿಸುತ್ತಾರೆ, ಅಷ್ಟೇ. ನೋಟಿಸಿಗೆ ಮೂರು ದಿನ. ಇಪ್ಪತ್ತೆಂಟಕ್ಕೆ ಮೂರು ಸೇರಿದರೆ ಮೂವತ್ತೊಂದು. ಕೊನೆಯ ದಿನ ಹೋಗಿ ಉತ್ತರ ಕೊಟ್ಟರಾಯಿತು, ಅಷ್ಟರಲ್ಲಿ ಅಕ್ಕನ ಹೆಸರೇ ಇರುವುದಿಲ್ಲ. ನಿನ್ನೆಯವರೆಗೆ ಬೀಗ ಹಾಕುವುದು ಅಪಾಯ, ಇವತ್ತಿನಿಂದ ಬೀಗವೇ ಕ್ಷೇಮ! ಇದು ಬೆಳಿಗ್ಗೆಯೇ ಯಾಕೆ ಹೊಳೆಯಲಿಲ್ಲ? ಎದೆ ನೋಯುತ್ತಿದ್ದರೂ ಅವರಿಗೆ ನಗು ಬಂತು. ಬೀಗದ ಕೈಯನ್ನು ಅಕ್ಕನ ಕೈಗೆ ಕೊಟ್ಟರು.

"ನೀನು ಸ್ವಲ್ಪ ಸುಧಾರಿಸಿಕೊಂಡು, ಬೀಗ ಹಾಕಿ ಮನೆಗೆ ಹೋಗು. ಮರೀಬೇಡ, ಬೀಗ ಹಾಕು."

"ಆಯ್ತಾಯ್ತು, ನೀನು ನಡಿ."

ಡಾಕ್ಟರು ಅಂಗಿಯ ಗುಂಡಿ ಬಿಚ್ಚಿಸಿ ಎದೆಗೆ ತಣ್ಣಗಿನ ಬಿಲ್ಲೆಯಿಟ್ಟು ಕೇಳಿದರು, ತಂತಿ ಹಚ್ಚಿ ಕಾಗದ ತೆಗೆದರು. ಹೃದಯಕ್ಕೆ ಏನೂ ಆಗಿಲ್ಲ, ಹೊಟ್ಟೆಯ ಹುಣ್ಣು ಅಂದರು. "ತಲೆಗೆ ಏನೋ ಹಚ್ಚಿಕೊಂಡಿದ್ದೀರಿ, ಅದನ್ನ ಬಿಡಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ" ಎಂದು ಮಾತ್ರೆ ಬರೆದರು. ಮೇಷ್ಟ್ರಿಗೆ ರೆಕ್ಕೆ ಬಂದಂತಾಯಿತು. ಅಂಗಿಯ ಗುಂಡಿಗಳನ್ನು ಅವಸರದಲ್ಲಿ ಹಾಕಿಕೊಂಡು ರಸ್ತೆಗೆ ಇಳಿದರು. ಎರಡು ದಿನ. ಇನ್ನೆರಡೇ ದಿನ. ಆಮೇಲೆ ಅಕ್ಕನಿಗೆ ಎಲ್ಲವನ್ನೂ ನಗುನಗುತ್ತಾ ಹೇಳಬೇಕು, ಬೈಸಿಕೊಳ್ಳಬೇಕು ಅಂದುಕೊಂಡರು. ಮನೆಗೇ ಹೋಗಬಹುದಿತ್ತು. ಬೀಗ ಬಿದ್ದಿದೆಯೋ ಇಲ್ಲವೋ ನೋಡಿಕೊಂಡೇ ಹೋಗೋಣ ಅಂತ ಆಫೀಸಿನ ಕಡೆ ತಿರುಗಿದರು. ಯಾವ ಸಹಿಯನ್ನೂ ಎರಡನೇ ಸಲ ನೋಡದೆ ಬಿಟ್ಟವರಲ್ಲ.

ಕಟ್ಟಡದ ಮುಂದೆ ಸರ್ಕಾರಿ ಜೀಪು ನಿಂತಿತ್ತು.

ಮೂರು ಮಹಡಿಯನ್ನು ಹೇಗೆ ಹತ್ತಿದರೋ ಅವರಿಗೇ ಗೊತ್ತಿಲ್ಲ. ಬಾಗಿಲು ಹಾರು ಹೊಡೆದಿತ್ತು. ಅವರ ಕುರ್ಚಿಯಲ್ಲಿ ಅಕ್ಕ ಕೂತಿದ್ದಳು, ಬೆನ್ನು ನೆಟ್ಟಗೆ, ಕಾಜಾ ಹೊಲಿಯುವ ಕನ್ನಡಕ ಹಾಕಿಕೊಂಡು. ಮೇಜಿನ ಈಚೆ ಕಡೆ ನಿಯಂತ್ರಣ ಕಚೇರಿಯ ಮೇಲಿನ ಸಾಹೇಬರು ಮತ್ತು ಆ ಹೆಣ್ಣುಮಗಳು, ತಪಾಸಣಾಧಿಕಾರಿ. ಅವಳು ಮೇಷ್ಟ್ರನ್ನು ನೋಡಿದವಳೇ ಕಣ್ಣನ್ನು ನೆಲಕ್ಕೆ ಇಳಿಸಿದಳು.

"ಬಂದೆಯಾ? ಏನಂದ್ರು ಡಾಕ್ಟರು?" ಅಕ್ಕ ಕೇಳಿದಳು.

"ಬೀಗ ಹಾಕು ಅಂದಿದ್ದೆನಲ್ಲ ಅಕ್ಕ."

"ಹಾಕೋಕೇ ಹೋದೆ. ಕೈ ಬರಲಿಲ್ಲ. ಒಂದು ತಿಂಗಳು ಎದೆ ಹಿಡಕೊಂಡು ನೀನು ಈ ಬಾಗಿಲು ಕಾದಿದ್ದೀಯ, ನನ್ನಿಂದ ಮುಚ್ಚೋದಾ? ನಿನಗೆ ತೊಂದರೆ ಆದ್ರೆ? ಅದಕ್ಕೇ ಕೂತೆ. ಒಳ್ಳೇದೇ ಆಯ್ತು, ಇವರು ಬಂದ್ರು." ಹೆಣ್ಣುಮಗಳ ಕಡೆ ಬೆರಳು ತೋರಿಸಿದಳು. "ಈ ಮಗು ಪಾಪ, ಸರ್ ಬರೋವರೆಗೂ ಕಾಯೋಣ ಅಂತ ಎರಡು ಸಲ ಹೇಳಿತು. ನಾನೇ ಬೇಡ ಅಂದೆ. ಅವನಿಗೆ ಹುಷಾರಿಲ್ಲ, ನನ್ನ ಹೆಸರೂ ಫೈಲಿನಲ್ಲಿದೆ, ಏನಿದ್ರೂ ನನ್ನ ಕೇಳಿ ಅಂದೆ."

ಮೇಜಿನ ಮೇಲೆ ಉದ್ದನೆಯ ಹಾಳೆ ಇತ್ತು. ಮೇಷ್ಟ್ರ ಬೆರಳು ತನ್ನಷ್ಟಕ್ಕೆ ಮೇಲಿನಿಂದ ಕೆಳಗೆ ಓಡಿತು. ದುಂಡಗಿನ, ಕಾಜಾ ಹೊಲಿದಷ್ಟು ನಿಧಾನವಾಗಿ ಬರೆದ ಅಕ್ಷರ. ಹೊಣೆಗಾರರ ಹೆಸರು: ಅಕ್ಕನದು. ಉತ್ತರ ಕೊಟ್ಟವರು: ಅಕ್ಕ. ಸ್ವಂತ ಮನೆ ಇದೆಯೇ: ಇದೆ. ಪ್ರತಿ ಪುಟದ ಕೆಳಗೂ ಸಹಿ.

"ನೋಡು, ಒಂದೂ ಬಿಟ್ಟಿಲ್ಲ" ಅಂದಳು ಅಕ್ಕ. ತಮ್ಮನಿಂದ ಶಹಬ್ಬಾಸ್ ಕಾಯುವವಳ ಹಾಗೆ ನಗುತ್ತಿದ್ದಳು.

"ಸಾಹೇಬ್ರೇ, ನಾನು ಮೊದಲ ಹೊಣೆಗಾರ. ಒಂದು ಗಂಟೆ ಡಾಕ್ಟರ ಹತ್ತಿರ ಹೋಗಿದ್ದೆ, ಚೀಟಿ ಇಲ್ಲಿದೆ ನೋಡಿ. ನನ್ನ ಹೆಸರಿಗೆ ಬರ್ಕೊಳ್ಳಿ. ಕೈ ಮುಗೀತೀನಿ, ನನ್ನ ಹೆಸರಿಗೆ ಬರ್ಕೊಳ್ಳಿ." ಮೇಷ್ಟ್ರು ಚೀಟಿಯನ್ನು ಮುಂದೆ ಚಾಚಿದರು.

ಸಾಹೇಬರು ಕೆಟ್ಟ ಮನುಷ್ಯರೇನಲ್ಲ. ಚೀಟಿ ತೆಗೆದುಕೊಂಡು ಓದಿದರು, ಮಡಿಸಿ ವಾಪಸ್ ಕೊಟ್ಟರು. "ಉತ್ತರ ಆಗಿದೆ, ಸಹಿ ಆಗಿದೆ. ಇನ್ನು ನನ್ನ ಕೈಲಿಲ್ಲ" ಅಂದರು. ಆಮೇಲೆ ಹಾಳೆಯ ಕೊನೆಯನ್ನು ನೋಡಿ, "ಇಲ್ಲೊಂದು ಉಳಿದಿದೆಯಲ್ಲಮ್ಮ, ಮನೆಯ ಪೂರ್ತಿ ವಿಳಾಸ" ಎಂದರು.

"ಅಯ್ಯೋ, ಹೌದಲ್ಲ. ಬಾಗಿಲ ನಂಬರು ಹಳೇದು ಬರೀಬೇಕೋ ಹೊಸದೋ ಅಂತ ಬಿಟ್ಟಿದ್ದೆ. ಹೇಳೋ, ಯಾವುದು ಬರೀಲಿ?" ಅಕ್ಕ ಪೆನ್ನು ಹಿಡಿದು ತಮ್ಮನ ಮುಖ ನೋಡಿದಳು.

ಮೇಷ್ಟ್ರು ತುಟಿ ಬಿಗಿಹಿಡಿದು ನಿಂತರು. ಬದುಕಿನಲ್ಲಿ ಮೊದಲ ಸಲ ಒಂದು ಜಾಗ ಖಾಲಿಯಾಗಿಯೇ ಉಳಿಯಲಿ ಎಂದು ಅವರು ಬೇಡಿಕೊಂಡರು. ಹಾಗೆಯೇ ಉಳಿಯಲಿ, ಫೈಲು ವಾಪಸ್ ಬರಲಿ, ನೂರು ಸಲ ಬರಲಿ.

"ಹೋಗಲಿ ಬಿಡಿ" ಅಂದರು ಸಾಹೇಬರು, ಕೈಯಲ್ಲಿದ್ದ ಹಳೆಯ ಅರ್ಜಿಯನ್ನು ಮಗುಚಿ. "ಹದಿನೇಳನೇ ಕಾಲಮ್ಮಿನಲ್ಲಿ ಪೂರ್ತಿ ಇದೆ. ಹಳೇ ನಂಬರು, ಹೊಸ ನಂಬರು ಎರಡೂ ಇದೆ. ಯಾರು ಬರೆದಿದ್ದೋ, ಬಹಳ ಅಚ್ಚುಕಟ್ಟು."

ತಪಾಸಣಾಧಿಕಾರಿ ಒಂದು ಚೀಟಿ ಹರಿದು ಮೇಜಿನ ಮೇಲಿಟ್ಟಳು. ಅದರಲ್ಲಿ ಸೋಮವಾರ ಎಂದೂ ಠಾಣೆಯ ಹೆಸರೂ ಇತ್ತು. ಅಕ್ಕ ಅದನ್ನು ಕಣ್ಣ ಹತ್ತಿರ ಹಿಡಿದು ಓದಿ, ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಸಿಕ್ಕಿಸಿಕೊಂಡಳು. ಆಮೇಲೆ ಮೇಜು ಹಿಡಿದು ಎದ್ದು ತಮ್ಮನ ಹತ್ತಿರ ಬಂದಳು.

"ಇಷ್ಟು ದೊಡ್ಡವನಾದ್ರೂ ಒಂದು ಗುಂಡಿ ಸರಿಯಾಗಿ ಹಾಕಿಕೊಳ್ಳಲ್ಲ. ನೋಡು, ಮಧ್ಯದ್ದು ಬಿಟ್ಟಿದ್ದೀಯ" ಎನ್ನುತ್ತಾ ಬಿಟ್ಟುಹೋಗಿದ್ದ ಗುಂಡಿಯನ್ನು ಕಾಜಾಕ್ಕೆ ತೂರಿಸಿ, ಎದೆಯ ಮೇಲಿನ ಸುಕ್ಕನ್ನು ಅಂಗೈಯಿಂದ ಸವರಿದಳು. "ಯಾಕೋ ಅಳ್ತೀಯ? ಸೋಮವಾರ ತಾನೇ? ನೀನು ಮಲಕ್ಕೊಂಡಿರು. ನಾನೇ ಹೋಗಿ ಸಹಿ ಹಾಕಿ ಬರ್ತೀನಿ."